ಮನೆಯ ಗುಳಿಗೆಗಳ ಲೆಕ್ಕ: ಉತ್ತರ ಕನ್ನಡದ ಮನೆಗಳಿಗೊಂದು ಔಷಧ ಮಾರ್ಗದರ್ಶಿ

ಹಿರಿಯರಿರುವ ಮನೆಯ ಔಷಧದ ಚೀಲವನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದರೆ, ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಊರುಗಳ ಚೀಟಿಗಳು ಒಟ್ಟಿಗೆ ಸಿಗುತ್ತವೆ. ಹೊನ್ನಾವರ, ಭಟ್ಕಳದವರು ಹೃದಯದ ತೊಂದರೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿರುತ್ತಾರೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾದ ಬಾಂಬೋಳಿಗೆ. ಇವುಗಳ ನಡುವೆ ಬರುವ ಜ್ವರ, ಕೆಮ್ಮು, ಸೊಂಟನೋವಿಗೆ ಊರಿನ ಡಾಕ್ಟರು ಅಥವಾ ನೇರವಾಗಿ ಔಷಧ ಅಂಗಡಿ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆಯಾದರೂ, ಘಟ್ಟ ಹತ್ತಿಯೋ ಜಿಲ್ಲೆಯ ಗಡಿ ದಾಟಿಯೋ ಚಿಕಿತ್ಸೆ ಪಡೆಯುವ ರೂಢಿ ತಪ್ಪಿಲ್ಲ. ಪ್ರತಿಯೊಬ್ಬ ವೈದ್ಯರೂ ತಮ್ಮ ಪಾಲಿನದನ್ನು ಸರಿಯಾಗಿಯೇ ಬರೆದಿರುತ್ತಾರೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ನನ್ನ ಕೆಲಸ ಈ ಒಟ್ಟು ನೋಟವೇ ಆಗಿದೆ. ವಾರ್ಡಿನಲ್ಲಿ ರೋಗಿಯ ಚಾರ್ಟನ್ನು ಓದುವುದು, ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು, ಮೂತ್ರಪಿಂಡದ ಶಕ್ತಿಗೆ ತಕ್ಕ ಪ್ರಮಾಣವೇ ಎಂದು ಲೆಕ್ಕ ಹಾಕುವುದು, ಸಂಶಯವಿದ್ದರೆ ವೈದ್ಯರಿಗೆ ತಿಳಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸಲು ಜಾಗತಿಕ ಅಭಿಯಾನವನ್ನು ಆರಂಭಿಸಿದಾಗ ಗುರುತಿಸಿದ ಮೂರು ಅಪಾಯದ ಜಾಗಗಳಲ್ಲಿ ಒಂದು, ರೋಗಿಯು ಒಂದು ಕಡೆಯ ಆರೈಕೆಯಿಂದ ಇನ್ನೊಂದು ಕಡೆಗೆ ದಾಟುವ ಹೊತ್ತು. ನಮ್ಮಲ್ಲಿ ಈ ದಾಟುವಿಕೆ ತಿಂಗಳಿಗೊಮ್ಮೆ ನಡೆಯುತ್ತಿರುವುದರಿಂದ, ಆ ಒಟ್ಟು ನೋಟವನ್ನು ಮನೆಯವರೇ ಕಾಪಾಡಿಕೊಳ್ಳಬೇಕಾಗುತ್ತದೆ. ಹೇಗೆ ಎನ್ನುವುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಚೀಲ ಬಿಚ್ಚಿ, ಪಟ್ಟಿ ಬರೆಯಿರಿ

ಮನೆಯಲ್ಲಿ ಒಬ್ಬರಿಗೆ ಸೇರಿದ ಎಲ್ಲ ಔಷಧಗಳನ್ನೂ ಒಂದೆಡೆ ತನ್ನಿ. ಎಲ್ಲ ಎಂದರೆ ಬಿಪಿ, ಶುಗರ್ ಗುಳಿಗೆಗಳಷ್ಟೇ ಅಲ್ಲ. ಕಣ್ಣಿನ ಹನಿ, ದಮ್ಮಿನ ಪಂಪು, ವಾರಕ್ಕೊಮ್ಮೆಯ ವಿಟಮಿನ್, ಮಂಡಿನೋವಿಗೆಂದು ನೆಂಟರು ಕೊಟ್ಟ ಪುಡಿ, ಲೇಹ್ಯ, ದಿನವೂ ಕುಡಿಯುವ ಕಷಾಯ, ಬೇಕೆನಿಸಿದಾಗ ತಾವೇ ತಂದುಕೊಳ್ಳುವ ನೋವಿನ ಗುಳಿಗೆ, ಇವೂ ಸೇರಬೇಕು. ಒಂದು ಹಾಳೆಯಲ್ಲಿ ಔಷಧದ ಹೆಸರು, ಪ್ರಮಾಣ, ಹೊತ್ತು, ಯಾವ ವೈದ್ಯರು ಬರೆದದ್ದು, ಯಾವಾಗಿನಿಂದ, ಮತ್ತು ಯಾವ ಕಾಯಿಲೆಗೆ ಎಂದು ಬರೆಯಿರಿ. ಈ ಕೊನೆಯ ಅಂಕಣವೇ ಎಲ್ಲಕ್ಕಿಂತ ಮುಖ್ಯ. ಯಾವುದಾದರೂ ಗುಳಿಗೆಯ ಮುಂದೆ ಆ ಜಾಗ ಖಾಲಿ ಉಳಿದರೆ, ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಐದು ದಿನಕ್ಕೆಂದು ಆರಂಭವಾದ ಗ್ಯಾಸಿನ ಗುಳಿಗೆ ಐದು ವರ್ಷ ಮುಂದುವರಿದಿರುವುದು ಗೊತ್ತಾಗುವುದು ಇಂಥ ಖಾಲಿ ಜಾಗಗಳಿಂದಲೇ.

ಹಾಳೆಯ ತಲೆಯಲ್ಲಿ ಅಲರ್ಜಿಗಳನ್ನು, ಅಂದರೆ ಪೆನಿಸಿಲಿನ್, ಸಲ್ಫಾ, ನೋವಿನ ಗುಳಿಗೆ ಹೀಗೆ ಯಾವುದಕ್ಕೆ ಮೈಮೇಲೆ ದದ್ದು ಎದ್ದಿತ್ತು ಅಥವಾ ಮುಖ ಊದಿಕೊಂಡಿತ್ತು ಎಂಬುದನ್ನು ಬರೆಯಿರಿ. ಜೊತೆಗೆ ಇತ್ತೀಚಿನ ರಕ್ತಪರೀಕ್ಷೆಯ, ಮೂತ್ರಪಿಂಡದ ಶಕ್ತಿಯನ್ನು ತೋರಿಸುವ ಕ್ರಿಯಾಟಿನಿನ್ ಸಂಖ್ಯೆಯನ್ನೂ ಬರೆಯಿರಿ. ಅನೇಕ ಔಷಧಗಳ ಪ್ರಮಾಣ ಆ ಸಂಖ್ಯೆಯ ಮೇಲೆ ನಿಂತಿರುತ್ತದೆ. ಹಾಳೆಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ; ಅಪ್ಪಯ್ಯನನ್ನು ರಾತ್ರಿ ಆಂಬುಲೆನ್ಸಿನಲ್ಲಿ ಸಾಗಿಸುವಾಗ ಕಪಾಟಿನ ಹಾಳೆಯನ್ನು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಈ ಪಟ್ಟಿಯ ನಿಜವಾದ ಪರೀಕ್ಷೆ. ಹೊಸ ಡಿಸ್ಚಾರ್ಜ್ ಚೀಟಿಯನ್ನೂ ಹಳೆಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಹಳೆಯ ಪ್ರತಿಯೊಂದು ಗುಳಿಗೆಯ ಬಗ್ಗೆಯೂ ‘ಇದು ಮುಂದುವರಿಯಬೇಕೇ, ನಿಂತಿತೇ, ಪ್ರಮಾಣ ಬದಲಾಯಿತೇ’ ಎಂದು ವಾರ್ಡಿನಲ್ಲಿಯೇ ಕೇಳಿ. ಚೀಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ನಿಲ್ಲಿಸಬೇಕೆಂದು ಅರ್ಥವಲ್ಲ. ಥೈರಾಯ್ಡ್ ಗುಳಿಗೆಯನ್ನು ಬರೆಯಲು ಮರೆತಿರಲೂ ಬಹುದು. ನಿಂತ ಔಷಧದ ಉಳಿದ ಸ್ಟ್ರಿಪ್‌ಗಳನ್ನು ಅದೇ ದಿನ ಚೀಲದಿಂದ ತೆಗೆದುಬಿಡಿ. ದುಡ್ಡು ಕೊಟ್ಟದ್ದೆಂದು ಉಳಿಸಿಕೊಂಡ ಹಳೆಯ ಸ್ಟ್ರಿಪ್ ತಿಂಗಳ ನಂತರ ಹೊಸದರ ಜೊತೆ ಹೊಟ್ಟೆಗೆ ಸೇರಿದ್ದನ್ನು ನಾನು ಒಮ್ಮೆಯಲ್ಲ, ಹಲವು ಬಾರಿ ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಕಂಪನಿಯ ಹೆಸರಲ್ಲ, ಔಷಧದ ಹೆಸರು ಓದಿ

ಡೋಲೋ, ಕ್ರೋಸಿನ್, ಕಾಲ್ಪಾಲ್ ಇವು ಮೂರು ಔಷಧಗಳಲ್ಲ. ಮೂರರೊಳಗೂ ಇರುವುದು ಪ್ಯಾರಾಸಿಟಮಾಲ್. ದೊಡ್ಡವರಿಗೆ ಒಂದು ದಿನಕ್ಕೆ ಅದರ ಮಿತಿ 4,000 ಮಿಲಿಗ್ರಾಂ. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ನಿತ್ಯ ಮದ್ಯ ಕುಡಿಯುವವರಿಗೆ ಇನ್ನೂ ಕಡಿಮೆ. ಈಗ ಒಂದು ಜ್ವರದ ಲೆಕ್ಕ ನೋಡಿ: 650ರ ಗುಳಿಗೆ ದಿನಕ್ಕೆ ನಾಲ್ಕು ಎಂದರೆ 2,600. ನೆಗಡಿಗೆಂದು ಬೇರೆ ತಂದ ಗುಳಿಗೆಯಲ್ಲಿ 500 ಇದ್ದು, ಅದನ್ನು ಮೂರು ಬಾರಿ ನುಂಗಿದರೆ 1,500. ಮೈಕೈ ನೋವಿಗೆ ಕೊಟ್ಟ ಅಸಿಕ್ಲೋಫೆನಾಕ್ ಗುಳಿಗೆಯೊಳಗೆ 325 ಸೇರಿಕೊಂಡಿದ್ದು, ದಿನಕ್ಕೆರಡು ತಗೊಂಡರೆ 650. ಒಟ್ಟು 4,750. ಯಾವ ಗುಳಿಗೆಯೂ ಹೆಚ್ಚಾಗಿರಲಿಲ್ಲ. ಕೂಡಿಸಿದಾಗ ಮಾತ್ರ ಮಿತಿ ದಾಟಿತು. ಯಕೃತ್ತಿಗಾಗುವ ಈ ಪೆಟ್ಟು ಮೊದಲ ದಿನ ಕಾಣಿಸುವುದೂ ಇಲ್ಲ.

ಬಿಪಿ ಗುಳಿಗೆಗಳಲ್ಲಿಯೂ ಇದೇ ಕಥೆ. ಟೆಲ್ಮಿಸಾರ್ಟಾನ್ ಎಂಬ ಒಂದೇ ಔಷಧ ಹತ್ತಾರು ಹೆಸರುಗಳಲ್ಲಿ ಸಿಗುತ್ತದೆ. ಹೆಸರಿನ ಬಾಲದಲ್ಲಿ ‘ಎಎಂ’ ಇದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಕೂಡಿದೆ ಎಂದೂ, ‘ಎಚ್’ ಇದ್ದರೆ ಮೂತ್ರ ಹೆಚ್ಚಿಸುವ ಔಷಧ ಕೂಡಿದೆ ಎಂದೂ ಅರ್ಥ. ಈ ಬಾಲವನ್ನು ನೋಡದೆ ಅಂಗಡಿಯಲ್ಲಿ ಬರೀ ಮೊದಲ ಹೆಸರು ಹೇಳಿ ತಂದರೆ ಅರ್ಧ ಚಿಕಿತ್ಸೆಯಷ್ಟೇ ಮನೆಗೆ ಬರುತ್ತದೆ, ಅಥವಾ ಒಂದೂವರೆ ಪಟ್ಟು ಬರುತ್ತದೆ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುವುದಾದರೆ ಧಾರಾಳವಾಗಿ ಅಲ್ಲಿಂದ ತನ್ನಿ. ಆದರೆ ಹೊಸ ಬಣ್ಣದ ಗುಳಿಗೆ ಹೊಸ ಔಷಧವೆಂದು ತಿಳಿದು, ಹಳೆಯದರ ಜೊತೆಗೆ ಅದನ್ನೂ ನುಂಗಬೇಡಿ.

ಗುಳಿಗೆಯ ಸ್ಟ್ರಿಪ್ ಕತ್ತರಿಸುವಾಗ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಇರುವ ತುದಿಯನ್ನು ಕೊನೆಗೆ ಉಳಿಸಿ. ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟರೆ ಹೆಸರನ್ನು ಕವರಿನ ಮೇಲೆ ಬರೆಸಿಕೊಳ್ಳಿ. ಹಿಂಬದಿಯಲ್ಲಿ ಕೆಂಪು ಗೆರೆ ಇರುವುದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಆ್ಯಂಟಿಬಯೋಟಿಕ್ಕುಗಳ ವಿಷಯದಲ್ಲಿ ಈ ಗೆರೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೇ ನಡೆಸಿತ್ತು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿರುವುದರಿಂದ, ಅಕ್ಷರ ಸಣ್ಣದಾಗಿದ್ದರೆ ಮೊಬೈಲಿನಿಂದ ಅದನ್ನು ಓದಿಸಬಹುದು.

ಮೂರನೆಯ ಹೆಜ್ಜೆ: ಹೊತ್ತು ಮತ್ತು ಕ್ರಮ

ಚೀಟಿಯ ‘1-0-1’ ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಓಡಿ’ ದಿನಕ್ಕೊಮ್ಮೆ, ‘ಬಿಡಿ’ ಎರಡು ಬಾರಿ, ‘ಟಿಡಿಎಸ್’ ಮೂರು ಬಾರಿ, ‘ಎಚ್‌ಎಸ್’ ಮಲಗುವಾಗ. ‘ಎಸ್‌ಒಎಸ್’ ಎಂದಿದ್ದರೆ ತೊಂದರೆ ಇದ್ದಾಗ ಮಾತ್ರ. ಅದನ್ನು ದಿನಾ ತೆಗೆದುಕೊಳ್ಳಬಾರದು.

ಥೈರಾಯ್ಡ್ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಾ ಅಥವಾ ಹಾಲು ಹಾಕಿದ ಕಷಾಯ ಕುಡಿಯುವ ಮುನ್ನ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಗುಳಿಗೆಗಳು ಅದರಿಂದ ನಾಲ್ಕು ಗಂಟೆ ದೂರವಿರಬೇಕು. ಇಲ್ಲವಾದರೆ ಅವು ಥೈರಾಯ್ಡ್ ಔಷಧವನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ, ಮೈಗೆ ಹತ್ತಲು ಬಿಡುವುದಿಲ್ಲ. ವರ್ಷಗಟ್ಟಲೆ ಪ್ರಮಾಣ ಏರಿಸಿದರೂ ಹತೋಟಿಗೆ ಬಾರದ ಥೈರಾಯ್ಡಿನ ಹಿಂದೆ ಎಷ್ಟೋ ಬಾರಿ ಇರುವುದು, ಎಲ್ಲವನ್ನೂ ಒಂದೇ ಗುಟುಕಿಗೆ ಮುಗಿಸುವ ಅಭ್ಯಾಸ.

‘ಎಸ್‌ಆರ್’, ‘ಎಕ್ಸ್‌ಆರ್’ ಎಂದು ಬರೆದ ಗುಳಿಗೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂಥವು. ನುಂಗಲು ಕಷ್ಟವೆಂದು ಅವನ್ನು ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಅಂಥವರಿಗೆ ಬೇರೆ ರೂಪದ ಔಷಧ ಇದೆಯೇ ಎಂದು ಕೇಳಿ. ಮೆಟ್‌ಫಾರ್ಮಿನ್ ಎಸ್‌ಆರ್ ತೆಗೆದುಕೊಳ್ಳುವ ಕೆಲವರು ಮಲದಲ್ಲಿ ಇಡೀ ಗುಳಿಗೆಯೇ ಹೊರಬಂತೆಂದು ಹೆದರಿ, ಮರುದಿನ ಎರಡು ನುಂಗುತ್ತಾರೆ. ಹೊರಬಂದದ್ದು ಬರೀ ಸಿಪ್ಪೆ. ಒಳಗಿನ ಔಷಧ ಕೆಲಸ ಮುಗಿಸಿಯಾಗಿರುತ್ತದೆ.

ಹೊತ್ತು ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ಎಂದೂ ನುಂಗಬೇಡಿ. ಏಕಾದಶಿಯ ಉಪವಾಸ ಮಾಡುವವರು, ರಂಜಾನ್ ರೋಜಾ ಹಿಡಿಯುವವರು ಶುಗರ್ ಔಷಧದ ಹೊತ್ತನ್ನೂ ಪ್ರಮಾಣವನ್ನೂ ಮೊದಲೇ ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು, ಅದರಲ್ಲೂ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ. ಶುಗರ್ ಇಳಿದು ಬೆವರು, ನಡುಕ ಬಂದಾಗ ನಮ್ಮಲ್ಲಿ ಕೈಗೆ ಮೊದಲು ಸಿಗುವುದು ಜೋನಿ ಬೆಲ್ಲ. ಹೆಚ್ಚಿನವರಿಗೆ ಅದು ಸಾಕು. ಆದರೆ ಪಟ್ಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವವರಿಗೆ ಸಕ್ಕರೆ, ಬೆಲ್ಲಗಳು ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅವು ಜೀರ್ಣವಾಗುವುದನ್ನು ತಡೆಯುವುದೇ ಆ ಔಷಧಗಳ ಕೆಲಸ. ಅಂಥ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ನಾಲ್ಕನೆಯ ಹೆಜ್ಜೆ: ಹೆಚ್ಚು ಎಚ್ಚರ ಬೇಕಾದವುಗಳಿಗೆ ಗುರುತು ಹಾಕಿ

ಪಟ್ಟಿಯಲ್ಲಿ ಇವುಗಳ ಮುಂದೆ ಕೆಂಪು ಶಾಯಿಯ ಗುರುತಿರಲಿ.

ಮೆಥೋಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಇದನ್ನು ಕೊಡುವುದು ವಾರಕ್ಕೊಮ್ಮೆ. ಇದರ ಜೊತೆ ಬರೆಯುವ ಫೋಲಿಕ್ ಆ್ಯಸಿಡ್ ಕೂಡ ಸಾಮಾನ್ಯವಾಗಿ ಸಣ್ಣ ಹಳದಿ ಗುಳಿಗೆಯೇ ಆದ್ದರಿಂದ ಅದಲುಬದಲಾಗುವುದು ಸುಲಭ. ದಿನಾ ನುಂಗಿದರೆ ಬಾಯಿಹುಣ್ಣು, ಜ್ವರ ಕಾಣಿಸಿಕೊಂಡು ರಕ್ತಕಣಗಳೇ ಕುಸಿದು ಜೀವಕ್ಕೆ ಅಪಾಯವಾಗಬಹುದು. ವೈದ್ಯರು ಹೇಳಿದ ವಾರದ ಹೆಸರನ್ನು, ‘ಭಾನುವಾರ ಮಾತ್ರ’ ಎಂಬಂತೆ, ಗುಳಿಗೆಯ ಸ್ಟ್ರಿಪ್ ಮೇಲೆ ಮಾರ್ಕರಿನಿಂದ ಬರೆದಿಡಿ.

ಇನ್ಸುಲಿನ್. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್ಟಿನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಬಳಸಿದರೆ ಬೇಕಾದದ್ದರ ಎರಡೂವರೆಯಲ್ಲಿ ಒಂದು ಪಾಲಷ್ಟೇ ಮೈಗೆ ಹೋಗುತ್ತದೆ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜಿನಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಈ ಎರಡನೆಯ ತಪ್ಪು ರೋಗಿಯನ್ನು ನೇರವಾಗಿ ಐಸಿಯುಗೆ ಒಯ್ಯಬಲ್ಲದು.

ರಕ್ತ ತೆಳು ಮಾಡುವ ಅಸಿಟ್ರೋಮ್, ವಾರ್ಫರಿನ್. ಹೃದಯದ ಕವಾಟ ಬದಲಿಸಿಕೊಂಡವರಿಗೆ ಇವು ಬಿಡಲಾಗದ ಔಷಧಗಳು. ಬಸಳೆ, ಹರಿವೆ, ನುಗ್ಗೆಸೊಪ್ಪಿನಲ್ಲಿರುವ ವಿಟಮಿನ್ ಕೆ ಇವುಗಳ ಬಲವನ್ನು ಕುಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನೇ ಬಿಡಬೇಕಾಗಿಲ್ಲ; ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಸಮ ಇದ್ದರೆ ಸಾಕು. ಅಪಾಯ ಹೆಚ್ಚಿರುವುದು ನಡುವೆ ಸೇರಿಕೊಳ್ಳುವ ನೋವಿನ ಗುಳಿಗೆ ಮತ್ತು ಮೆಟ್ರೊನಿಡಜೋಲ್‌ನಂಥ ಕೆಲವು ಆ್ಯಂಟಿಬಯೋಟಿಕ್ಕುಗಳಿಂದ. ಇಂಥವರು ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವ ಮುನ್ನ ತಾವು ಈ ಔಷಧದಲ್ಲಿರುವುದನ್ನು ಹೇಳಲೇಬೇಕು. ಒಸಡಿನಲ್ಲಿ ರಕ್ತ ಅಥವಾ ಕಪ್ಪು ಮಲ ಕಂಡರೆ ಮರುದಿನಕ್ಕೆ ಕಾಯಬಾರದು.

ನೋವಿನ ಗುಳಿಗೆಗಳು, ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್. ದೋಣಿಯಲ್ಲಿ ಬಲೆ ಎಳೆಯುವವರಿಗೂ, ಅಡಿಕೆ ಮರ ಹತ್ತುವ ಕೊನೆಗೌಡರಿಗೂ, ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವವರಿಗೂ ಇವು ನಿತ್ಯದ ಸಂಗಾತಿ. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ಎನಾಲಪ್ರಿಲ್, ಜೊತೆಗೆ ಮೂತ್ರದ ಗುಳಿಗೆ, ಅದರ ಮೇಲೆ ನೋವಿನ ಗುಳಿಗೆ, ಈ ಮೂರೂ ಸೇರಿದಾಗ ಮೂತ್ರಪಿಂಡಕ್ಕೆ ರಕ್ತದ ಹರಿವು ಕುಗ್ಗುತ್ತದೆ. ಬಿಸಿಲಿನಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದ ದಿನ ಇದು ಇನ್ನೂ ಕೆಟ್ಟದ್ದು. ನಾನು ಒಂದೇ ಒಂದು ಔಷಧವನ್ನು ಮನೆಯ ಡಬ್ಬಿಯಿಂದ ತೆಗೆಸಬಹುದಾದರೆ ಇದನ್ನೇ ತೆಗೆಸುತ್ತೇನೆ.

ಐದನೆಯ ಹೆಜ್ಜೆ: ಜ್ವರ ಬಂದಾಗ

ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿರುವವರಿಗೆ ಚಳಿಗಾಲದಿಂದ ಬೇಸಿಗೆಯವರೆಗಿನ ಜ್ವರ ಮಂಗನ ಕಾಯಿಲೆಯಾಗಿರಬಹುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆಯೂ, ಡೆಂಗಿಯೂ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲವು. ಆದ್ದರಿಂದ ಕಾರಣ ತಿಳಿಯುವವರೆಗೆ ಜ್ವರಕ್ಕೆ ಮಿತಿಯೊಳಗಿನ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ. ಹೃದಯಕ್ಕೆಂದು ಈಗಾಗಲೇ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ, ಆಸ್ಪತ್ರೆಯಲ್ಲಿ ಆ ವಿಷಯವನ್ನು ಮೊದಲೇ ತಿಳಿಸಬೇಕು. ಕಾಡಿಗೆ, ದರಕಿಗೆ ಅಂದರೆ ಉದುರಿದ ಒಣ ಎಲೆ ತರಲು ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅದನ್ನೂ ಹೇಳಿ.

ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿಜ್ವರ ತಡೆಯಲೆಂದು ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ, ಅದನ್ನು ಒಂದು ದೊಡ್ಡ ಲೋಟ ನೀರಿನೊಡನೆ ಕೂತು ನುಂಗಿ, ಅರ್ಧ ಗಂಟೆ ಮಲಗಬೇಡಿ. ಅನ್ನನಾಳದಲ್ಲಿ ನಿಂತರೆ ಅಲ್ಲಿಯೇ ಹುಣ್ಣು ಮಾಡುತ್ತದೆ. ಗರ್ಭಿಣಿಯರು ಮತ್ತು ಮಕ್ಕಳು ಇದನ್ನು ತಾವಾಗಿ ತೆಗೆದುಕೊಳ್ಳುವಂತಿಲ್ಲ.

ಮಗುವಿನ ಜ್ವರಕ್ಕೆ ಇನ್ನೊಂದು ಮಾತು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನ ಐದು ಮಿಲಿಲೀಟರಿನಲ್ಲಿ 125 ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧ ಮಗುವಿನ ಹೊಟ್ಟೆ ಸೇರುತ್ತದೆ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆಯನ್ನೇ ಬಳಸಿ.

ಆರನೆಯ ಹೆಜ್ಜೆ: ಕಷಾಯವನ್ನೂ ಲೆಕ್ಕಕ್ಕೆ ತನ್ನಿ

ಘಟ್ಟದ ಮೇಲಿನ ಊರೊಂದರ ಹಿರಿಯರೊಬ್ಬರಿಗೆ ಬಿಪಿ ಏರುತ್ತಲೇ ಇತ್ತು. ಚೀಲ ಬಿಚ್ಚಿಸಿ ಮಾತಾಡಿಸಿದಾಗ ಸರಪಳಿ ಬಿಚ್ಚಿಕೊಂಡಿತು: ಬಿಪಿಗೆಂದು ಕೊಟ್ಟ ರಾಮಿಪ್ರಿಲ್‌ನಿಂದ ಒಣಕೆಮ್ಮು, ಕೆಮ್ಮಿಗೆ ಮನೆಯಲ್ಲಿ ದಿನಕ್ಕೆರಡು ಲೋಟ ಜ್ಯೇಷ್ಠಮಧುವಿನ ಕಷಾಯ. ಜ್ಯೇಷ್ಠಮಧುವನ್ನು ಹೆಚ್ಚು ದಿನ ಸೇವಿಸಿದರೆ ಮೈಯಲ್ಲಿ ಉಪ್ಪು, ನೀರು ನಿಂತು, ಪೊಟ್ಯಾಸಿಯಂ ಇಳಿದು, ಬಿಪಿ ಏರುತ್ತದೆ. ಅವರು ‘ಕಷಾಯ ಔಷಧ ಅಲ್ದಲ’ ಎಂದು ನಕ್ಕರು. ಕೆಮ್ಮು ಬರಿಸದ ಬೇರೆ ಬಿಪಿ ಗುಳಿಗೆಗೆ ವೈದ್ಯರು ಬದಲಿಸಿದ ಮೇಲೆ ಕೆಮ್ಮೂ ಹೋಯಿತು, ಕಷಾಯದ ಅಗತ್ಯವೂ ಹೋಯಿತು. ಅಮ್ಲೋಡಿಪಿನ್‌ನಿಂದ ಕಾಲು ಊದಿಕೊಂಡರೆ, ಆ ಊತಕ್ಕೆ ಇನ್ನೊಂದು ಗುಳಿಗೆ ಸೇರಿಕೊಳ್ಳುವುದೂ ಇದೇ ಜಾತಿಯ ಸರಪಳಿ. ಹೊಸ ತೊಂದರೆ ಶುರುವಾದಾಗ, ಅದಕ್ಕೆ ಸ್ವಲ್ಪ ಮೊದಲು ಯಾವ ಔಷಧ ಶುರುವಾಗಿತ್ತು ಎಂದು ಪಟ್ಟಿಯಲ್ಲಿ ನೋಡಿ.

ಜೀರಿಗೆ, ಕೊತ್ತಂಬರಿಯ ನಿತ್ಯದ ಕಷಾಯಕ್ಕೆ ನನ್ನ ಆಕ್ಷೇಪವೇನಿಲ್ಲ. ಆದರೆ ಬಿಪಿಯವರಿಗೆಂದು ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ. ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಅದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಅಂಥವರಿಗೆ ಸಾಣಿಕಟ್ಟೆಯ ಉಪ್ಪನ್ನೇ ಕಡಿಮೆ ಹಾಕಿಕೊಳ್ಳುವುದು ಒಳ್ಳೆಯದು, ಒಣಮೀನನ್ನೂ ಸ್ವಲ್ಪ ದೂರವಿಡುವುದು ಒಳ್ಳೆಯದು.

ಏಳನೆಯ ಹೆಜ್ಜೆ: ಮಳೆಗಾಲದ ಸಿದ್ಧತೆ

ನಮ್ಮ ಮಳೆಗಾಲದ ತೇವಕ್ಕೆ ಹಪ್ಪಳವೇ ಮೆತ್ತಗಾಗುವಾಗ ಬಿಚ್ಚಿಟ್ಟ ಗುಳಿಗೆ ಉಳಿಯುವುದಿಲ್ಲ. ಗುಳಿಗೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ವಾರದ ಡಬ್ಬಿಗೆ ಹಾಕುವ ಅಭ್ಯಾಸವಿದ್ದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ದಿನದ್ದಷ್ಟೇ ಬಿಡಿಸಿ. ವಿನೆಗರಿನ ಹುಳಿ ವಾಸನೆ ಬರುವ ಆಸ್ಪಿರಿನ್ ತೇವಕ್ಕೆ ಕೆಟ್ಟದ್ದು. ಒಲೆಯ ಮೇಲಿನ ಗೂಡು, ಬಚ್ಚಲಿನ ಕಪಾಟು ಎರಡೂ ಔಷಧಕ್ಕೆ ತಕ್ಕ ಜಾಗವಲ್ಲ; ಮಲಗುವ ಕೋಣೆಯ ಎತ್ತರದ ಕಪಾಟಿನಲ್ಲಿ ಬಿಗಿ ಮುಚ್ಚಳದ ಡಬ್ಬಿ ಸಾಕು. ಅಡಿಕೆ ಬೆಳೆಗಾರರ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು: ಕೊಳೆಗೆ ಹೊಡೆಯುವುದೂ ‘ಮದ್ದು’, ಕೆಮ್ಮಿಗೆ ಕುಡಿಯುವುದೂ ‘ಮದ್ದು’. ಮೈಲುತುತ್ತದ ನೀರನ್ನಾಗಲಿ, ಕೀಟನಾಶಕವನ್ನಾಗಲಿ ನೀರಿನ ಬಾಟಲಿಗೆ ಸುರಿದು ಮನೆಯೊಳಗೆ ತರಲೇಬಾರದು.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಬಳಕೆಯಲ್ಲಿರುವ ಬಾಟಲಿ ಹೆಚ್ಚಿನವುಗಳಲ್ಲಿ 30 ಡಿಗ್ರಿಗಿಂತ ಕೆಳಗೆ ಸುಮಾರು ನಾಲ್ಕು ವಾರ ಹೊರಗೇ ಉಳಿಯುತ್ತದೆಯಾದ್ದರಿಂದ, ಎರಡು ದಿನ ಕರೆಂಟು ಹೋಯಿತೆಂದು ಎಸೆಯಬೇಕಾಗಿಲ್ಲ. ನೀರು ಚಿಮುಕಿಸಿದ ಮಣ್ಣಿನ ಮಡಕೆಯ ಉಪಾಯ ಬಯಲುಸೀಮೆಯ ಒಣಹವೆಯಲ್ಲಿ ಫಲಿಸಿದಷ್ಟು ನಮ್ಮ ಕರಾವಳಿಯ ತೇವದಲ್ಲಿ ಫಲಿಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದನ್ನೊಂದೇ ನಂಬಬೇಡಿ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದು ನೆನಪಿರಬಹುದು. ದೇವಿಮನೆ ಘಟ್ಟದಲ್ಲಿಯೂ ಮಳೆಗಾಲದಲ್ಲಿ ದಾರಿ ಕಟ್ಟುವುದು ಹೊಸತಲ್ಲ. ಇನ್ಸುಲಿನ್, ಫಿಟ್ಸ್ ಗುಳಿಗೆ, ರಕ್ತ ತೆಳು ಮಾಡುವ ಔಷಧ, ದೀರ್ಘಕಾಲದ ಸ್ಟೀರಾಯ್ಡ್ ಇವುಗಳು ಒಮ್ಮೆಲೇ ನಿಂತರೆ ಅಪಾಯವಾದ್ದರಿಂದ, ಜೂನ್ ಬರುವ ಮೊದಲೇ ಎರಡು ವಾರಕ್ಕೆ ಸಾಕಾಗುವಷ್ಟು ಹೆಚ್ಚುವರಿ ತಂದಿಟ್ಟುಕೊಳ್ಳಿ.

ತೊಂದರೆಯಾದರೆ

ಔಷಧ ತೆಗೆದುಕೊಂಡ ಮೇಲೆ ಉಸಿರು ಕಟ್ಟುವುದು, ಮುಖ ಊದುವುದು, ಮೈತುಂಬ ಗುಳ್ಳೆ ಏಳುವುದು ಕಂಡರೆ, ಅಥವಾ ಮಗು ಗುಳಿಗೆ ನುಂಗಿದರೆ 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್ಪನ್ನೂ ಬಾಟಲಿಯನ್ನೂ ಜೊತೆಗೇ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅಡ್ಡಪರಿಣಾಮವೆಂಬ ಸಂಶಯವಿದ್ದರೆ ರೋಗಿಯ ಕಡೆಯವರೂ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ಕರೆ ಮಾಡುವಾಗ ಪಟ್ಟಿ ಮುಂದಿರಲಿ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಶುರುಮಾಡಿದ ದಿನ, ತೊಂದರೆ ಕಾಣಿಸಿದ ದಿನ, ಜೊತೆಗೆ ತೆಗೆದುಕೊಳ್ಳುತ್ತಿದ್ದ ಇತರ ಔಷಧಗಳು, ಇಷ್ಟನ್ನು ಹೇಳಲು ಸಿದ್ಧರಾಗಿರಿ.